ನೇರಳೆಗೆ ಹೊಸ ಮಾದರಿ

ಬಣ್ಣ ನೋಡುವುದರಲ್ಲಿ ಅಮ್ಮನ ಕಣ್ಣು ತಪ್ಪಿದಾಗಲೆಲ್ಲ ತನಗೆ ಒಳಗೊಳಗೇ ಒಂದು ಚೂರು ಖುಷಿಯಾಗುತ್ತದೆ ಎಂದು ಅವಳು ಆ ಬೆಳಿಗ್ಗೆ ಮುಖ ತೊಳೆಯುತ್ತ ತನಗೆ ತಾನೇ ಒಪ್ಪಿಕೊಂಡಳು. ದೊಡ್ಡ ಖುಷಿಯೇನಲ್ಲ. ಮುಂದೆ ನಡೆಯುತ್ತಿದ್ದವರು ಎಡವಿದಾಗ ಕೈ ಚಾಚುವುದಕ್ಕೆ ಮೊದಲೇ ತುಟಿಯಂಚಿಗೆ ಬಂದುಬಿಡುತ್ತದಲ್ಲ, ಅಷ್ಟು. ಒಪ್ಪಿಕೊಂಡ ಮೇಲೆ ಹಗುರಾಗಬೇಕಿತ್ತು, ಆಗಲಿಲ್ಲ. ಕನ್ನಡಿಯಲ್ಲಿ ಮುಖ ಎಂದಿನ ಹಾಗೇ ಇತ್ತು. ಇಂಥ ಮಗಳ ಮುಖದಲ್ಲಿ ಕಾಣಬೇಕಾದ ಯಾವ ಗುರುತೂ ಇರಲಿಲ್ಲ. ಹೊರಗಿನಿಂದ ಅಮ್ಮ ಬಾಗಿಲು ಬಡಿದು, "ಒಳಗೇ ಸಂಸಾರ ಹೂಡಿದ್ಯೋ ಹೇಗೆ? ಇವತ್ತು ಲೇಟಾದ್ರೆ ನಿನ್ನ ಬಿಟ್ಟು ಹೋಗ್ತೀನಿ ನೋಡು" ಎಂದಳು. ಬಿಟ್ಟು ಹೋಗುವವಳಲ್ಲ ಅಮ್ಮ. ಬಾಗಿಲ ಹೊರಗೇ ನಿಂತು ಚೀಲದ ಜಿಪ್ಪು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿರುವುದು ಕೇಳಿಸುತ್ತಿತ್ತು.

ಇಬ್ಬರೂ ಒಂದೇ ಬಸ್ಸು ಹತ್ತಿ ಒಂದೇ ಕಾರ್ಖಾನೆಗೆ ಹೋಗುವವರು. ಚಿತ್ರ ಬರೆಯುವವರಿಗೆ ಬೇಕಾದ ಬಣ್ಣದ ಟ್ಯೂಬುಗಳನ್ನು ಮಾಡುವ ಸಣ್ಣ ಕಾರ್ಖಾನೆ. ಅಮ್ಮ ಅಲ್ಲಿ ಬಣ್ಣ ಹೊಂದಿಸುವವಳು, ಅವಳು ಅಮ್ಮನ ಸಹಾಯಕಿ. ಹೊಸದಾಗಿ ಅರೆದ ಪ್ರತಿಯೊಂದು ಬಣ್ಣವನ್ನೂ ಅದರ ಹಳೆಯ ಮಾದರಿಯ ಪಕ್ಕಕ್ಕೆ ಹಿಡಿದು, ಎರಡೂ ಒಂದೇ ಆಗಿದ್ದರೆ ಅಮ್ಮ 'ಆಯ್ತು' ಎನ್ನಬೇಕು. ಅಮ್ಮ ಆಯ್ತು ಎನ್ನದೆ ಒಂದು ಟ್ಯೂಬೂ ಬಾಗಿಲು ದಾಟುವುದಿಲ್ಲ. ಹಿಂದೊಮ್ಮೆ ಯಾರದೋ ಮಾತು ಕೇಳಿ ಯಜಮಾನರು ಬಣ್ಣ ಅಳೆಯುವ ಮೆಷಿನ್ನೊಂದನ್ನು ಪರೀಕ್ಷೆಗೆಂದು ತರಿಸಿದ್ದರು. ಅದು ಎರಡು ಕೆಂಪುಗಳನ್ನು ಒಂದೇ ಎಂದಿತು, ಅಮ್ಮ ಬೇರೆ ಎಂದಳು. ಅಂಗಳದ ಬಿಸಿಲಿಗೆ ಹಿಡಿದು ನೋಡಿದರೆ ಅಮ್ಮನ ಮಾತೇ ಸರಿ. ಮೆಷಿನ್ನು ಬಂದ ಪೆಟ್ಟಿಗೆಯಲ್ಲೇ ವಾಪಸು ಹೋಯಿತು. "ನಮ್ಮಲ್ಲಿ ಮೆಷಿನ್ ಇಲ್ಲ ಸ್ವಾಮಿ, ಕಣ್ಣಿದೆ" ಎಂದು ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ, ಹೇಳುವಾಗ ಅಮ್ಮನ ಕಡೆ ತಿರುಗಿ ಸ್ವಲ್ಪ ಬಾಗುತ್ತಾರೆ ಕೂಡ.

ಬಸ್ಸಿನಲ್ಲಿ ಅಮ್ಮನಿಗೆ ಕಿಟಕಿ ಬಿಟ್ಟು ಅವಳು ಈಚೆ ಕೂತಳು. ಮೈಮೇಲೆ ಅಮ್ಮ ಹೋದ ತಿಂಗಳು ತಂದುಕೊಟ್ಟ ಸ್ವೆಟರಿತ್ತು. "ಬೂದು ಬಣ್ಣ ನೋಡು, ಯಾವುದಕ್ಕೂ ಒಗ್ಗುತ್ತೆ, ಕೊಳೆಯೂ ಕಾಣಲ್ಲ" ಎಂದು ಹೇಳಿ ಹೆಗಲಿಗೆ ಹೊದಿಸಿದ್ದಳು. ಅದು ಬೂದಾಗಿರಲಿಲ್ಲ. ತಿಳಿ ನೇರಳೆ. ಅಷ್ಟು ಸ್ಪಷ್ಟವಾದ ನೇರಳೆ ಎಂದರೆ ಅಂಗಡಿಯವನು ಅಮ್ಮನ ಮಾತಿಗೆ ಏನೆಂದುಕೊಂಡನೋ. "ಚೆನ್ನಾಗಿದೆ" ಎಂದಿದ್ದಳು ಅವಳು. ಅಂದಿನಿಂದ ಅದನ್ನು ಹಾಕಿಕೊಂಡು ಹೊರಟಾಗಲೆಲ್ಲ ಯಾರಾದರೂ ಅಮ್ಮನೆದುರು ಅದರ ಬಣ್ಣದ ಹೆಸರು ಹೇಳಿಬಿಟ್ಟಾರೆಂದು ಹೆದರುತ್ತಾಳೆ. ಹಾಕಿಕೊಳ್ಳದಿದ್ದರೆ ಅಮ್ಮ, "ಯಾಕೆ, ನಾನು ತಂದದ್ದು ಹಿಡಿಸಲಿಲ್ವಾ?" ಎನ್ನುತ್ತಾಳೆ. ಹೀಗೆ ಒಂದು ಉಣ್ಣೆಯ ಬಟ್ಟೆಯೊಳಗೆ ತಾನು ಸಿಕ್ಕಿಕೊಂಡಿರುವುದು ನಗುವಂಥ ವಿಷಯ ಎಂದು ಅವಳಿಗೂ ಗೊತ್ತು. ಕಾರ್ಖಾನೆಯ ಗೇಟಿನೊಳಗೆ ಕಾಲಿಡುತ್ತಿದ್ದ ಹಾಗೆ, ಅರೆಯುವ ಮೂರು ಉರುಳೆಗಳ ಯಂತ್ರವನ್ನು ನಡೆಸುವ ಮನುಷ್ಯ, ಎಲ್ಲರೂ ಉರುಳೆ ಮಾಮ ಎಂದು ಕರೆಯುವವನು, ದೂರದಿಂದಲೇ ಕೂಗಿದ: "ಏನಮ್ಮಾ ಮುಟ್ಟಿದರೆ ಮುನಿ, ಇವತ್ತು ಮೈಗೆ ಸ್ಯಾಂಪಲ್ ಹಚ್ಚಿಕೊಂಡೇ ಬಂದಿದೀಯ? ನೇರಳೆ ದಿನ ಅಂತಾನಾ?" ಅವಳು ಜೋರಾಗಿ ಕೆಮ್ಮಿದಳು. ಅಮ್ಮ ಬೆನ್ನು ತಟ್ಟಿ, "ನೀರು ಕುಡಿ" ಎಂದಳು. ಮಾತು ಕೇಳಿಸಿತೋ ಇಲ್ಲವೋ, ಅಮ್ಮನ ಮುಖ ನೋಡಿ ತಿಳಿಯಲು ಅವಳಿಗೆ ಧೈರ್ಯವಾಗಲಿಲ್ಲ.

ಅವಳು ಚಿಕ್ಕವಳಿದ್ದಾಗ ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಬಣ್ಣ ಹಚ್ಚಿದ ರಟ್ಟಿನ ತುಂಡುಗಳನ್ನು ಹರಡಿ ಇಸ್ಪೀಟು ಆಡಿಸುವವಳ ಹಾಗೆ ಕೂರಿಸುತ್ತಿದ್ದಳು. ಯಾವುದು ಹಳದಿಗೆ ವಾಲಿದ ಕೆಂಪು, ಯಾವುದು ನೀಲಿಗೆ ವಾಲಿದ ಕೆಂಪು, ಹೇಳು. ಅವಳು ತಡವರಿಸುತ್ತಿದ್ದಳು. ಗೊತ್ತಿಲ್ಲದ್ದಕ್ಕಲ್ಲ, ಹೇಳಿದ್ದು ತಪ್ಪಾದರೆ ಅಮ್ಮನ ಹುಬ್ಬು ಏರುವ ರೀತಿಗೆ. "ನಿಂಗೆ ಕಣ್ಣಿಲ್ಲ ಬಿಡು. ನಿಮ್ಮಪ್ಪನ ಕಡೆಯದು." ಹೀಗೆಂದು ನಗುತ್ತ ತುಂಡುಗಳನ್ನು ಗುಡ್ಡೆ ಮಾಡಿಬಿಡುತ್ತಿದ್ದಳು ಅಮ್ಮ. ಮನೆಗೆ ಬಂದ ನೆಂಟರ ಮುಂದೂ ಅದೇ ಮಾತು, ಮಗುವಿಗೆ ನೆಗಡಿ ಎನ್ನುವಷ್ಟೇ ಸಲೀಸಾಗಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡದ್ದೂ ಅದಕ್ಕೇ ಇರಬೇಕು. ಅಲ್ಲಿ ಬಣ್ಣಕ್ಕೆ ಕಣ್ಣು ಬೇಕಿರಲಿಲ್ಲ, ಕಾಗದದ ಮೇಲೆ ಷಡ್ಭುಜಗಳನ್ನು ಒಂದಕ್ಕೊಂದು ಹೆಣೆದರೆ ಸಾಕಿತ್ತು. ಕ್ವಿನಾಕ್ರಿಡೋನ್ ಎಂಬ ವಸ್ತುವಿನ ಬಗ್ಗೆ ಓದಿದ ದಿನ ಅವಳು ಆ ಪುಟವನ್ನು ಬಿಟ್ಟು ಏಳಲೇ ಇಲ್ಲ. ಅಣು ಒಂದೇ, ಅದರೊಳಗೆ ಕೂಡಿಸಿದ್ದಿಲ್ಲ ಕಳೆದದ್ದಿಲ್ಲ. ಹರಳಿನಲ್ಲಿ ಅಣುಗಳು ಒಂದರ ಪಕ್ಕ ಒಂದು ಕೂರುವ ರೀತಿ ಬದಲಾದರೆ ಕೆಂಪಾಗಿದ್ದದ್ದು ನೇರಳೆಯಾಗುತ್ತದೆ. ಮನೆಗೆ ಓಡಿಬಂದು ಅಮ್ಮನಿಗೆ ಹೇಳಿದ್ದಳು. ಅಮ್ಮ ತರಕಾರಿ ಹೆಚ್ಚುತ್ತ, "ಅಕ್ಕತಂಗಿ ಅಂತ ನಂಗೆ ಯಾವಾಗಲೋ ಗೊತ್ತು. ಬಿಳಿಯಲ್ಲಿ ಕಲೆಸಿದ್ರೆ ಮುಖದ ಹೋಲಿಕೆ ತಾನಾಗೇ ಕಾಣುತ್ತೆ" ಎಂದಿದ್ದಳು.

ಅವಳಿಗೆ ಬಣ್ಣದ ಕಣ್ಣು ಬಂದದ್ದು ಕೆಲಸಕ್ಕೆ ಸೇರಿದ ಮೇಲೆ. ಅದೂ ಯಾವಾಗ ಬಂತೆಂದು ಗೊತ್ತಾಗಲಿಲ್ಲ. ಈಜು ಬಂದ ಹಾಗೆ, ಒಂದು ದಿನ ನೋಡಿದರೆ ನೆಲಕ್ಕೆ ಕಾಲು ತಾಗುತ್ತಿರಲಿಲ್ಲ. ಆ ಕಣ್ಣಿಗೆ ಮೊಟ್ಟಮೊದಲು ಖಚಿತವಾಗಿ ಕಂಡದ್ದು ಮಾತ್ರ ಅಮ್ಮನ ತಪ್ಪು. ಅವರ ಕಾರ್ಖಾನೆಯ ಹೆಸರಾಂತ ನೇರಳೆಯನ್ನು ಎರಡು ಪುಡಿಗಳಿಂದ ಮಾಡುತ್ತಾರೆ: ಕೆಂಪು ಕಡೆಯದು ಕ್ವಿನಾಕ್ರಿಡೋನ್, ನೀಲಿ ಕಡೆಯದು ಡಯಾಕ್ಸಜೀನ್ ಎಂಬ ಇನ್ನೊಂದು. ಈ ಎರಡನೆಯದು ನೋಡಲು ಇದ್ದಿಲ ಪುಡಿ. ಒಂದು ಸೀನು ಸೀನಿದರೆ ಕೋಣೆಯೆಲ್ಲ, ಮೂಗಿನ ಒಳಗೂ, ವಾರಗಟ್ಟಲೆ ನೇರಳೆ. ಪುಡಿ ಬಂದ ಪ್ರತಿ ಸಲವೂ ಅದರ ಕಸುವು ಸ್ವಲ್ಪ ಹೆಚ್ಚುಕಮ್ಮಿಯಾಗುವುದರಿಂದ ಅಳತೆಯನ್ನೇ ನಂಬಿ ಕೂರುವ ಹಾಗಿಲ್ಲ, ಕೊನೆಗೆ ಕಣ್ಣೇ ಹೊಂದಿಸಬೇಕು. ಆ ದಿನ ಅಮ್ಮ ಆಯ್ತು ಎಂದ ಬಣ್ಣ ನೀಲಿಗೆ ವಾಲಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ಒಂದೇ ತಾನೆ?" ಎಂದಳು. "ಹೂಂ, ಒಂದೇ" ಎಂದಳು ಅವಳು. ನೆಂಟರ ಮುಂದೆ ನಾಚಿ ಉತ್ತರ ಹೇಳುವ ಹುಡುಗಿಯ ದನಿ. ಆಮೇಲೆ ಅಮ್ಮ ಊಟಕ್ಕೆ ಕೈ ತೊಳೆಯಲು ಹೋದಾಗ ಬಣ್ಣ ಕಲೆಸುವ ಚಾಕುವಿನ ತುದಿಯಲ್ಲಿ ಒಂದಿಷ್ಟು ಕೆಂಪು ತೆಗೆದು ಪಾತ್ರೆಗೆ ಹಾಕಿ ಕಲೆಸಿಬಿಟ್ಟಳು. ಸರಿಹೋಯಿತು. ಅಷ್ಟು ಸುಲಭವಾಗಿ ಸರಿಹೋಯಿತು ಎಂಬುದೇ ಕೆಟ್ಟದ್ದಾಯಿತು.

ಅಂದಿನಿಂದ ಅದೇ ಅಭ್ಯಾಸ. ಅಮ್ಮ ಆಯ್ತು ಎಂದು 'ಒಂದೇ ತಾನೆ?' ಎನ್ನುವುದು, ಇವಳು ಹೂಂ ಎನ್ನುವುದು, ಅಮ್ಮ ಅತ್ತ ಹೋದ ಕೂಡಲೇ ಚಾಕು. ಹೊರಗಿನಿಂದ ಒಂದೂ ದೂರು ಬರಲಿಲ್ಲ. ದೂರು ಬರದಿದ್ದಷ್ಟೂ ಅಮ್ಮನ ಭರವಸೆ ಬೆಳೆಯಿತು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳೆಯ ಕಾಗದದ ಹಾಗೆ ಹಳದಿಗಟ್ಟುತ್ತದೆ, ನೀಲಿಯನ್ನೂ ನೇರಳೆಯನ್ನೂ ಹೀರಿಕೊಳ್ಳುತ್ತದೆ, ನಿಧಾನವಾಗಿ ಆಗುವುದರಿಂದ ಆದವರಿಗೆ ಗೊತ್ತೇ ಆಗುವುದಿಲ್ಲ ಎಂದು ಅವಳು ಓದಿದ್ದಳು. ಡಾಕ್ಟರ ಬಳಿ ಹೋದರೆ ತೆಗೆದು ಹೊಸದು ಹಾಕುತ್ತಾರೆ, ಅದೇನೂ ದೊಡ್ಡ ವಿಷಯವಲ್ಲ. ಆದರೆ ಡಾಕ್ಟರ ಬಳಿ ಹೋಗಬೇಕಾದರೆ ಏನೋ ತಪ್ಪುತ್ತಿದೆ ಎಂದು ಅಮ್ಮನಿಗೆ ಅನ್ನಿಸಬೇಕು. ಅನ್ನಿಸುವಂಥದ್ದನ್ನೆಲ್ಲ ಮಗಳೇ ಮುಂದಾಗಿ ಗುಡಿಸಿಹಾಕುತ್ತಿದ್ದಳು. ಇದು ಪ್ರೀತಿ ಎಂದು ತನಗೆ ತಾನು ಹೇಳಿಕೊಂಡ ದಿನಗಳೂ ಇದ್ದವು. ಹಾಗಾದರೆ ಚಾಕು ಎತ್ತಿದಾಗ ಕೈ ಅಷ್ಟು ಸಂಭ್ರಮದಿಂದ ಯಾಕೆ ಓಡುತ್ತಿತ್ತು? 'ಯಾರಿಗೆ ಕಣ್ಣಿಲ್ಲ ಅಂದೆ?' ಎಂದು ಮನಸ್ಸಿನಲ್ಲಿ ಕೇಳುತ್ತಿದ್ದದ್ದು ಯಾರು?

ಇವತ್ತಿನದು ಮಾತ್ರ ಚಾಕುವಿನಿಂದ ಮುಗಿಯುವ ಕೆಲಸವಾಗಿರಲಿಲ್ಲ. ಅವರು ಕೊಳ್ಳುತ್ತಿದ್ದ ಕೆಂಪು ಕಡೆಯ ಪುಡಿಯನ್ನು ಮಾಡುವವರು ಮಾಡುವುದನ್ನೇ ನಿಲ್ಲಿಸಿದ್ದರು. ಆ ಪುಡಿಯನ್ನು ಅವರು ಮಾಡುತ್ತಿದ್ದದ್ದು ಕಾರುಗಳಿಗೆ; ಕಾರು ಕೊಳ್ಳುವವರಿಗೆ ಆ ಬಣ್ಣ ಸಾಕಾಯಿತು, ಅಲ್ಲಿಗೆ ಮುಗಿಯಿತು. ಚಿತ್ರ ಬರೆಯುವವರು ಕೊಳ್ಳುವುದು ಕಾರಿನವರ ಊಟದ ಎಲೆಯಂಚಿನ ಉಪ್ಪಿನಷ್ಟೂ ಅಲ್ಲ. ಈಗ ಬೇರೆಯವರ ಪುಡಿ ತಂದು, ಹಳೆಯ ನೇರಳೆಗೆ ಎಷ್ಟು ಹತ್ತಿರ ಬರುತ್ತದೋ ಅಷ್ಟು ಹತ್ತಿರ ತಂದು, ರಟ್ಟಿನ ಮೇಲೆ ಹೊಸ ಮಾದರಿಯ ಬಣ್ಣದ ಪಟ್ಟಿ ಎಳೆಯಬೇಕು. ಅಮ್ಮ ಅದರ ಮೂಲೆಯಲ್ಲಿ ಆ ಹಸಿ ಬಣ್ಣದಲ್ಲೇ ಹೆಬ್ಬೆಟ್ಟು ಒತ್ತುತ್ತಾಳೆ. ಸಹಿಗಿಂತ ಹಳೆಯ ಪದ್ಧತಿ, ಯಜಮಾನರ ತಂದೆಯ ಕಾಲದ್ದು. ಹೆಬ್ಬೆಟ್ಟು ಬಿದ್ದ ಮೇಲೆ ಹಳೆಯ ಪಟ್ಟಿಯನ್ನು ಸುಟ್ಟುಬಿಡುತ್ತಾರೆ, ಎರಡು ಮಾದರಿ ಇದ್ದರೆ ಜಗಳ ಎಂದು. ಅಲ್ಲಿಂದ ಮುಂದೆ ನೇರಳೆ ಎಂದರೆ ಅದೇ. ಅದು ತಪ್ಪಾಗಿದ್ದರೆ ತಪ್ಪೇ ಸರಿ; ಅದಕ್ಕೆ ಹೊಂದಿದ ಬಣ್ಣವನ್ನು ಅವಳು ಕದ್ದು ಹಳೆಯದರ ಕಡೆಗೆ ತಿದ್ದಿದರೆ, ಆಗ ತಪ್ಪು ಅವಳದು.

ಅಮ್ಮ ಬೆಳಿಗ್ಗೆಯಿಂದ ಕಲೆಸುತ್ತಿದ್ದಳು. ಬಣ್ಣದ ಕೋಣೆಯ ಗೋಡೆ, ಮೇಜು, ಕಪಾಟು ಎಲ್ಲ ಬೂದು. ಕಣ್ಣಿಗೆ ಬೇರೆ ಯಾವ ಬಣ್ಣವೂ ಅಡ್ಡ ಬರಬಾರದು ಎಂದು. ಗಾಜಿನ ಹಲಗೆಯ ಮೇಲೆ ಚಪ್ಪಟೆ ಚಾಕುವಿನಿಂದ ಅಮ್ಮ ಬಣ್ಣವನ್ನು ಮಡಚುವುದು, ಒತ್ತುವುದು, ಮತ್ತೆ ಮಡಚುವುದು ನೋಡುತ್ತಿದ್ದರೆ ಈಗಲೂ ಮನಸ್ಸು ತಣಿಯುತ್ತದೆ. ಹೆಚ್ಚಿಲ್ಲ ಕಡಿಮೆಯಿಲ್ಲ, ಒಂದು ಚಲನೆಯೂ ದಂಡವಲ್ಲ. ಆಮೇಲೆ ಚೂರು ಬಿಳಿ ಸೇರಿಸಿ ತೆಳುವಾಗಿಸಿ ರಟ್ಟಿನ ಮೇಲೆ ಎಳೆದಳು. ಗಟ್ಟಿಯಾಗಿದ್ದಾಗ ಎಲ್ಲ ನೇರಳೆಯೂ ಕಪ್ಪೇ. ಬಿಳಿ ಬೆರೆತಾಗ ಯಾರು ಯಾರ ಮನೆಯವರು ಎಂದು ತಿಳಿಯುತ್ತದೆ. ಹಳೆಯ ಪಟ್ಟಿಯ ಪಕ್ಕ ಹೊಸದನ್ನು ಇಟ್ಟಳು.

ನೀಲಿ. ಅವಳಿಗೆ ಅದು ಕೂಗಿ ಹೇಳಿದಷ್ಟು ಸ್ಪಷ್ಟವಾಗಿ ಕಂಡಿತು. ಪುಡಿಗಳು ಒಂದೇ ಆಗಿದ್ದಾಗ ಅಮ್ಮನ ಕಣ್ಣು ಸ್ವಲ್ಪವೇ ತಪ್ಪುತ್ತಿತ್ತು; ಈಗ ಪುಡಿಯೇ ಬೇರೆಯಾದದ್ದರಿಂದ ಆ ಸ್ವಲ್ಪ ಹೋಗಿ ಇಷ್ಟಗಲವಾಗಿತ್ತು. ಮರುಕ್ಷಣವೇ ಅನುಮಾನ ಬಂತು. ಕೆಂಪನ್ನು ಬಹಳ ಹೊತ್ತು ನೋಡಿದರೆ ಕಣ್ಣು ದಣಿದು ಸುಳ್ಳು ಹೇಳುತ್ತದೆ. ಅವಳು ಬೂದು ಗೋಡೆಯನ್ನು ನೋಡಿದಳು, ಕಣ್ಣು ಮುಚ್ಚಿದಳು, ಮತ್ತೆ ತೆರೆದಳು. ನೀಲಿಯೇ. ಆದರೂ, ಅಮ್ಮ ತಪ್ಪಿರಲಿ ಎಂದು ಬಯಸುವ ಕಣ್ಣನ್ನು ಎಷ್ಟು ನಂಬಬಹುದು?

ಊಟದ ಹೊತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಇಬ್ಬರೂ ಡಬ್ಬಿ ಬಿಚ್ಚಿ ಕೂತರು. ಉರುಳೆ ಮಾಮ ಬೀಡಿ ಹಚ್ಚಲು ದೂರ ಹೋಗಿದ್ದ. ಅಮ್ಮ ತನ್ನ ಪಾಲಿನ ಅರ್ಧ ಅವಳ ಡಬ್ಬಿಗೆ ಹಾಕುತ್ತ, "ಬೆಳಿಗ್ಗೆಯಿಂದ ಮುಖ ಯಾಕೆ ಹೀಗೆ ಊದಿಸ್ಕೊಂಡಿದೀಯ? ಏನಾದ್ರೂ ಇದ್ರೆ ಹೇಳು" ಎಂದಳು.

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ ಅಂತ. ಯಾವನಾದ್ರೂ ಸಿಕ್ಕಿದಾನಾ?"

"ಅಮ್ಮಾ!"

"ಸಿಕ್ಕಿದ್ರೆ ಒಳ್ಳೇದೇ. ನಿನ್ನ ಬಾಯಿ ಬಿಡಿಸುವಂಥವನಾಗಿರ್ಲಿ ಸಾಕು, ಬೇರೆ ಏನೂ ಬೇಡ ನಂಗೆ." ಅಮ್ಮ ನಕ್ಕಳು. ಆಮೇಲೆ ನೀರು ಕುಡಿದು, ಎದುರಿನ ಗೋಡೆ ನೋಡುತ್ತ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು: "ಇದು ನನ್ನ ಕೊನೇ ಮಾದರಿ ಇರಬೇಕು. ಇದಾದ ಮೇಲೆ ನೇರಳೆ ಬದಲಾಗೋಷ್ಟರಲ್ಲಿ ನಾನೆಲ್ಲೋ. ನನ್ನ ಹೆಬ್ಬೆಟ್ಟು ಆ ಕಪಾಟಿನಲ್ಲಿ ಇರುತ್ತೆ ನೋಡು, ನೀನು ನಿತ್ಯ ತೆಗೆದು ನೋಡ್ತೀಯ."

ಇಲ್ಲಿ ಹೇಳಬಹುದಿತ್ತು. ಯಾರೂ ಇರಲಿಲ್ಲ, ಅಮ್ಮನ ದನಿಯೂ ಮೆತ್ತಗಿತ್ತು. ಆ ಹೆಬ್ಬೆಟ್ಟಿನ ಮಾತು ಕೇಳಿದ ಮೇಲೆ ಹೇಳಲಾಗಲಿಲ್ಲ. ಅವಳು ಡಬ್ಬಿ ತೊಳೆಯಲು ಎದ್ದಳು. ನಲ್ಲಿಯ ಕೆಳಗೆ ಆಗಲೇ ತೊಳೆದದ್ದನ್ನೇ ಮತ್ತೆ ತೊಳೆದಳು.

ಮಧ್ಯಾಹ್ನ ಯಜಮಾನರು ಬಂದರು, ಹಿಂದೆಯೇ ಉರುಳೆ ಮಾಮ ಚಿಂದಿಬಟ್ಟೆಯಲ್ಲಿ ಕೈ ಒರೆಸುತ್ತ ಬಂದು ಬಾಗಿಲಿಗೆ ಒರಗಿದ. ಮಾದರಿ ಬದಲಾಗುವಾಗ ಎಲ್ಲರೂ ಇರಬೇಕು. ಯಜಮಾನರು ಎರಡು ಪಟ್ಟಿಗಳನ್ನೂ ನೋಡಿ ತಲೆಯಾಡಿಸಿದರು; ಅವರಿಗೆ ನೋಡಲು ಬರುವುದಿಲ್ಲ, ಅದನ್ನು ಅವರೇ ಹೇಳಿಕೊಳ್ಳುತ್ತಾರೆ. "ನಂಗೆ ಎರಡೂ ನೇರಳೆ ಹಣ್ಣಿನ ಥರಾನೇ ಕಾಣುತ್ತಪ್ಪ." ಉರುಳೆ ಮಾಮ ನಕ್ಕ. ಯಜಮಾನರಿಗೆ ಹುರುಪು ಬಂದು ಅವಳ ಕಡೆ ತಿರುಗಿ, "ಏನಮ್ಮ, ಡಿಗ್ರಿಯವರು ಏನಂತಾರೆ?" ಎಂದರು.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ, "ಅವಳನ್ನೇನು ಕೇಳ್ತೀರ ಸ್ವಾಮಿ? ಕಣ್ಣು ಒಂದಿದ್ದಿದ್ರೆ ಎಲ್ಲಿಗೋ ಹೋಗಿರ್ತಿದ್ಲು" ಎಂದಳು. ಮೂವರೂ ನಕ್ಕರು. ಕೆಟ್ಟ ನಗೆಯಲ್ಲ, ಮನೆಮಂದಿಯ ನಗೆ. ಉರುಳೆ ಮಾಮ, "ಬಾಯಿ ಇದ್ದಿದ್ರೂ ಹೋಗಿರ್ತಿತ್ತು" ಎಂದು ಸೇರಿಸಿದ. ಅವಳ ಕಿವಿ ಬಿಸಿಯಾಯಿತು. ಈಗ ಹೇಳಬೇಕು, ಇದೇ ಸಮಯ, ಹೇಳಿದರೆ ಈ ನಗೆ ಅಲ್ಲೇ ಕತ್ತರಿಸಿ ಬೀಳುತ್ತದೆ. ಹಾಗೆ ಬೀಳುವುದನ್ನು ಎಷ್ಟು ಆಸೆಯಿಂದ ಕಾಯುತ್ತಿದ್ದೇನೆ ಎಂದು ಕಂಡದ್ದೇ ತೆರೆದ ಬಾಯಿ ಮುಚ್ಚಿಕೊಂಡಳು. ಈ ಸಿಟ್ಟಿನಲ್ಲಿ ಆಡಿದರೆ ಆ ಮಾತು ಎಷ್ಟು ನಿಜವಾಗಿದ್ದರೂ ಏಟೇ ಆಗುತ್ತದೆ. ಅಡುಗೆಮನೆಯ ಮೇಜಿನ ಇಸ್ಪೀಟನ್ನು ಇಷ್ಟು ವರ್ಷಗಳ ಮೇಲೆ ಗೆದ್ದ ಹಾಗೆ. ಅವಳು ನಕ್ಕಳು, ಅವರ ಜೊತೆಗೆ. ತನ್ನ ನಗೆ ತನಗೇ ಕೇಳಿಸಿತು.

ಯಜಮಾನರ ಫೋನು ಮೊಳಗಿತು. "ಒಂದು ನಿಮಿಷ" ಎಂದು ಹೊರಗೆ ಹೋದರು, ಉರುಳೆ ಮಾಮನೂ ಅವರ ಹಿಂದೆ ಓಣಿಗೆ ಇಳಿದ. ಕೋಣೆ ಮತ್ತೆ ಬೂದಾಯಿತು. ಅಮ್ಮ ನಗು ನಿಲ್ಲಿಸಿದ್ದಳು. ಮಗಳು ತನ್ನನ್ನು ನೋಡುತ್ತಿಲ್ಲ ಎಂದುಕೊಂಡು ಹೊಸ ಪಟ್ಟಿಯನ್ನು ಕೈಗೆತ್ತಿಕೊಂಡಳು. ಅಮ್ಮ ಯಾವತ್ತೂ ಒಂದೇ ಸಲ ನೋಡುವವಳು. ಎರಡನೇ ಸಲ ನೋಡಿದರೆ ಕಣ್ಣು ಚೌಕಾಸಿ ಮಾಡುತ್ತದೆ ಎನ್ನುವವಳು. ಈಗ ಪಟ್ಟಿಯನ್ನು ಕಣ್ಣ ಹತ್ತಿರ ತಂದಳು, ದೂರ ಹಿಡಿದಳು, ಕಿಟಕಿಯ ಕಡೆ ವಾಲಿಸಿದಳು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಮತ್ತೆ ನೋಡಿದಳು. ಹಳೆಯ ಪಟ್ಟಿ ಎಡಗೈಯಲ್ಲಿ, ಹೊಸದು ಬಲಗೈಯಲ್ಲಿ. ಕೈ ಅದಲುಬದಲಾಯಿತು. ಕತ್ತಲಲ್ಲಿ ಗೋಡೆ ಸವರಿ ಸ್ವಿಚ್ಚು ಹುಡುಕುವವರ ತುಟಿಯ ಹಾಗೆ ಅಮ್ಮನ ತುಟಿ ಸ್ವಲ್ಪ ತೆರೆದಿತ್ತು.

ಅಮ್ಮನಿಗೆ ಗೊತ್ತು. ಪೂರ್ತಿಯಾಗಿ ಅಲ್ಲ, ಹೆಸರಿಟ್ಟು ಅಲ್ಲ, ಆದರೆ ಗೊತ್ತು. ಎಷ್ಟು ದಿನದಿಂದ? ತಾನು ಚಾಕು ಹಿಡಿದು ಕದ್ದು ನಿಂತ ಮಧ್ಯಾಹ್ನಗಳಲ್ಲಿ ಅಮ್ಮ ಕೈ ತೊಳೆಯಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದದ್ದು ಯಾಕೆ? 'ಒಂದೇ ತಾನೆ?' ಎಂದು ಪ್ರತಿ ಸಲ ಕೇಳುತ್ತಿದ್ದಳಲ್ಲ, ಮೊದಲೆಲ್ಲ ಅಮ್ಮ ಯಾರನ್ನೂ ಕೇಳಿದವಳಲ್ಲ. ಅದು ನಿಜವಾದ ಪ್ರಶ್ನೆಯೇ ಆಗಿತ್ತು. ಉತ್ತರ ಬೇಕೆಂದು ಕೇಳಿದ್ದು. ಅವಳು ಅದನ್ನು ಅಪ್ಪಣೆ ಎಂದುಕೊಂಡು ಹೂಂ ಎನ್ನುತ್ತ ಬಂದಿದ್ದಳು. ಬೆಳಿಗ್ಗೆಯಿಂದ ಮುಳ್ಳಿನ ಹಾಗೆ ಚುಚ್ಚುತ್ತಿದ್ದ ಆ ಒಂದು ಚೂರು ಖುಷಿಯನ್ನು ಅವಳು ಒಳಗೆಲ್ಲ ಹುಡುಕಿದಳು. ಇರಲಿಲ್ಲ. ಸಿಟ್ಟೂ ಇರಲಿಲ್ಲ. ಇಷ್ಟು ಹತ್ತಿರದಿಂದ ಅಮ್ಮನ ಕುತ್ತಿಗೆಯ ಹಿಂದಿನ ಸಣ್ಣ ಸುಕ್ಕುಗಳು ಕಾಣುತ್ತಿದ್ದವು, ಮತ್ತು ಎಂದೋ ಹತ್ತಿ ಹೋಗದೆ ಉಳಿದ ಒಂದು ನೇರಳೆ ಚುಕ್ಕೆ, ಕಿವಿಯ ಕೆಳಗೆ.

"ಈ ಟ್ಯೂಬ್‌ಲೈಟೇ ಸರಿಯಿಲ್ಲ" ಎಂದಳು ಅಮ್ಮ, ಯಾರಿಗೋ.

ಓಣಿಯಲ್ಲಿ ಚಪ್ಪಲಿಯ ಸದ್ದಾಯಿತು. ಅಮ್ಮ ಪಟ್ಟಿಗಳನ್ನು ತಟ್ಟನೆ ಮೇಜಿನ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡಳು. ಒಳಗೆ ಬಂದ ಯಜಮಾನರು ಫೋನನ್ನು ಜೇಬಿಗೆ ತುರುಕುತ್ತ, "ಹಾಕಿಬಿಡಿ ಮತ್ತೆ. ಶುಭಸ್ಯ ಶೀಘ್ರಂ" ಎಂದರು. ಉರುಳೆ ಮಾಮ ಹಳೆಯ ಪಟ್ಟಿ ಸುಡಲೆಂದು ಬೆಂಕಿಪೆಟ್ಟಿಗೆ ತೆಗೆದು ಕಿವಿಯ ಬಳಿ ಕುಲುಕಿದ. ಅಮ್ಮ ಹೆಬ್ಬೆರಳನ್ನು ಗಾಜಿನ ಹಲಗೆಯ ಮೇಲಿನ ಹಸಿ ಬಣ್ಣಕ್ಕೆ ಅದ್ದಿದಳು. ಹೆಬ್ಬೆರಳು ಕಪ್ಪಾಗಿ ಮೇಲೆದ್ದಿತು; ಅಂಚಿನಲ್ಲಿ, ಬಣ್ಣ ತೆಳುವಾದ ಕಡೆ, ನೀಲಿ. ಪಟ್ಟಿಯ ಮೂಲೆಗೆ ಅದು ಇಳಿಯುವುದಕ್ಕೆ ಮೊದಲು ಅಮ್ಮನ ಕಣ್ಣು ಒಂದು ಗಳಿಗೆ ಅವಳ ಕಡೆ ಹೊರಳಿತು. "ಒಂದೇ ತಾನೆ?" ಎಂದಳು. ಎಂದಿನ ಮಾತು, ಎಂದಿನ ಗತ್ತು.

ಅವಳು ಅಮ್ಮನ ಮಣಿಕಟ್ಟು ಹಿಡಿದಳು. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು, ಬಳಸಿ ಅಭ್ಯಾಸವಿಲ್ಲದ ದನಿ, ಬಾಗಿಲಲ್ಲಿದ್ದವರಿಗೂ ಕೇಳಿಸಿತು.

"ಅಲ್ಲ ಅಮ್ಮ. ಅದರಲ್ಲಿ ನೀಲಿ ಜಾಸ್ತಿ ಇದೆ, ನಿಂಗೆ ಅದು ಕಾಣ್ತಾ ಇಲ್ಲ."